ಸದಾನಂದರ ಕ್ಯಾಲ್ಕುಲೇಟರಿಗೆ ವೇಗ ಬಂದದ್ದು

ಎಲ್ಲ ಶುರುವಾದದ್ದು ಎದುರು ಫ್ಲ್ಯಾಟಿನ ವಸಂತಿ ಆಡಿದ ಒಂದು ಮಾತಿನಿಂದ.

"ಸದಾನಂದಣ್ಣ, ನಿಮ್ಮ ಮಿಶಿನ್ ಜಾತಕ ಕೂಡಿಸುವುದರೊಳಗೆ ಹುಡುಗಿಗೆ ಬೇರೆ ಕಡೆ ಮದುವೆಯಾಗಿ ಹೋಗ್ತದೆ. ನನ್ನ ಮೊಬೈಲ್ ನೋಡಿ, ಎರಡು ಸೆಕೆಂಡ್, ಬಸ್, ಅಷ್ಟೇ!"

ಸದಾನಂದರ ಮಿಶಿನ್ ಎಂದರೆ ನಲವತ್ತು ವರ್ಷ ಹಳೆಯ, ಅಂಗೈ ಅಗಲದ ಕ್ಯಾಲ್ಕುಲೇಟರು. ಅದರ ತಲೆಗೆ ಹೆಚ್ಚುವರಿ ಮೆಮೊರಿ ಪ್ಯಾಕ್ ಸಿಕ್ಕಿಸಿ, ಗ್ರಹಗತಿಯ ಲೆಕ್ಕವನ್ನೆಲ್ಲ ಒಂದೊಂದೇ ಗುಂಡಿ ಒತ್ತಿ ತಾವೇ ತುಂಬಿದ್ದರು. ಹುಡುಗ ಹುಡುಗಿ ಹುಟ್ಟಿದ ದಿನ, ಹೊತ್ತು ಕೊಟ್ಟರೆ ಆರು ನಿಮಿಷ ಮಿಣುಕಿ ಉತ್ತರ ಹೇಳುತ್ತಿತ್ತು. ಆಮೇಲೆ ಸದಾನಂದರು ಹೇಳುವ ಮಾತು ತಪ್ಪಿದ್ದೇ ಇಲ್ಲವೆಂದು ಮುಂಬಯಿಯ ಚೆಂಬೂರಿನ ನಮ್ಮವರ ಮನೆಗಳಲ್ಲೆಲ್ಲ ಹೆಸರಿತ್ತು. ಆ ಹೆಸರನ್ನು ನಂಬಿಕೊಂಡು ಅವರು ಅಲ್ಲಿಯ ಕನ್ನಡ ಸಂಘದ ವಧೂವರ ವಿಭಾಗದ ಸಂಚಾಲಕರಾಗಲು ಹನ್ನೊಂದು ವರ್ಷದಿಂದ ಕಾಯುತ್ತಿದ್ದರು.

ಈ ಭಾನುವಾರ ಹನ್ನೆರಡಕ್ಕೆ ಸಂಘದ ಅಧ್ಯಕ್ಷ, ಬಾಂದ್ರಾದ ಹೋಟೆಲಿನ ಧನರಾಜ್ ಮನೆಗೆ ಬರುವವರಿದ್ದರು. ಯಾಕೆಂದು ಹೇಳಿರಲಿಲ್ಲ. ಮಗಳ ಜಾತಕ ತಂದು ತಮ್ಮನ್ನು ಪರೀಕ್ಷಿಸುತ್ತಾರೆ ಎಂದು ಸದಾನಂದರೇ ತೀರ್ಮಾನಿಸಿಕೊಂಡಿದ್ದರು. ಅಧ್ಯಕ್ಷರನ್ನು ಆರು ನಿಮಿಷ ಕಾಯಿಸಿದರೆ ಸಂಚಾಲಕರಾಗುವುದುಂಟೇ?

ಭಾನುವಾರ ಬೆಳಿಗ್ಗೆ ಎಂಟಕ್ಕೇ ಧಾರಾವಿಗೆ ಓಡಿದರು. ಅಲ್ಲಿ ಹಳೆಯ ರೇಡಿಯೊ ರಿಪೇರಿ ಮಾಡುವ ವಿಜಯಪುರದ ಜಮಾಲಸಾಬ ಕ್ಯಾಲ್ಕುಲೇಟರನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದರ ಎದಿ ಬಡಿತ ಜೋರ ಮಾಡಬೇಕು, ಅಷ್ಟ ಹೌದಲ್ರಿ? ಒಳಗ ಒಂದು ಸಣ್ಣ ಕೆಪಾಸಿಟರ್ ಬದಲಿ ಮಾಡಿದ್ರ ಆತು."

ಅರ್ಧ ಗಂಟೆ ಹೊಗೆ ಎಬ್ಬಿಸಿ ಬೆಸುಗೆ ಹಾಕಿ ಕೈಗಿಟ್ಟರು. "ತಗೋರಿ. ಇನ್ನ ನೀವು ಬ್ಯಾಡಂದ್ರೂ ಓಡತೈತಿ."

ಓಡಿತು. ಆರು ನಿಮಿಷದ ಲೆಕ್ಕ ಐವತ್ತು ಸೆಕೆಂಡಿಗೆ ಮುಗಿಯಿತು. ಮನೆಗೆ ಬಂದವರೇ ವಸಂತಿಯನ್ನು ಕರೆದು ಅವಳ ತಂಗಿಯ ಮಗಳ ಜಾತಕಕ್ಕೆ ನೋಡಿಟ್ಟ ಹುಡುಗನದ್ದನ್ನು ಕೂಡಿಸಿದರು. ಅವಳು ಕುರ್ಚಿಯಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಉತ್ತರ ಬಂತು.

"ಇಪ್ಪತ್ತೆರಡು ಗುಣ ಕೂಡ್ತದೆ."

"ಅದು ಮೊಬೈಲೂ ಹೇಳಿದೆ. ಮುಂದೆ? ನೀವು ಯಾವಾಗಲೂ ಹೇಳುವಂಥದ್ದು ಹೇಳಿ. ಹುಡುಗನದ್ದು ಹಿಂದೆ ಏನಾದರೂ ಉಂಟಾ, ಅತ್ತೆಯ ಬಾಯಿ ಹೇಗೆ..."

ಸದಾನಂದರು ಪರದೆ ನೋಡಿದರು, ಸೂರು ನೋಡಿದರು. "ಇಪ್ಪತ್ತೆರಡು," ಎಂದು ಮತ್ತೊಮ್ಮೆ ಓದಿದರು. ನಾಡಿ ಹಿಡಿಯದೆ ಮಾತ್ರೆ ಬರೆದ ಡಾಕ್ಟರನ್ನು ನೋಡುವಂತೆ ಅವರನ್ನು ನೋಡಿ ವಸಂತಿ ಎದ್ದು ಹೋದಳು.

ಅಡುಗೆಮನೆಯಿಂದ ಹೆಂಡತಿ ಚಂಪಾ ಹೇಳಿದಳು: "ನಿಮಗಿನ್ನೂ ಗೊತ್ತಾಗಲಿಲ್ವಾ? ಆ ಆರು ನಿಮಿಷ ಯಾರಿಗೂ ಸುಮ್ಮನೆ ಕೂರ್ಲಿಕ್ಕೆ ಆಗ್ತಿರಲಿಲ್ಲ. ಬಂದವರು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕುತ್ತಿದ್ದರು. ನೀವು ಅದನ್ನೇ ಶನಿಯದ್ದು, ರಾಹುವಿನದ್ದು ಅಂತ ತಿರುಗಿಸಿ ಕೊಡ್ತಿದ್ರಿ. ಅಷ್ಟೆ."

ಸದಾನಂದರಿಗೆ ಹೌದೆನಿಸಿತು. ಇಷ್ಟು ವರ್ಷ ತಮ್ಮದೆಂದು ನಂಬಿದ್ದ ವಿದ್ಯೆ ಬರಿಯ ಮೌನದ್ದಾಗಿತ್ತು. ಆದರೆ ಅದನ್ನು ಯೋಚಿಸುತ್ತ ಕೂರಲು ಹೊತ್ತೆಲ್ಲಿತ್ತು? ಗಂಟೆ ಹತ್ತಾಗಿತ್ತು. ಮತ್ತೆ ಬಸ್ಸು, ಮತ್ತೆ ಧಾರಾವಿ.

"ನಿಧಾನ ಮಾಡಿ ಕೊಡಿ ಮಾರಾಯ್ರೇ!"

"ಈ ಮುಂಬಯಿಯೊಳಗ ಎಲ್ಲಾರೂ ಜೋರ ಓಡಸ್ರಿ ಅಂತ ಬರ್ತಾರ. ನಿಧಾನ ಮಾಡ್ರಿ ಅಂದಾವ್ರು ನೀವ ಮೊದಲನೇದವ್ರು ನೋಡ್ರಿ," ಎಂದು ನಗುತ್ತ ಜಮಾಲಸಾಬ ಹಳೆಯ ಪಾರ್ಟು ಕೂರಿಸಿದರು. ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದೇ ಒಂದು ಸೊನ್ನೆ.

"ನನ್ನ ಗ್ರಹಗಳೆಲ್ಲಿ?"

"ಮುಂಜಾನೆ ಬ್ಯಾರೆ ಬ್ಯಾಟರಿದು ಆಸರ ಕೊಟ್ಟು ಮಾಡಿದ್ನಿ. ಈಗ ನಿಮ್ಮ ಗಡಿಬಿಡಿಯೊಳಗ ಮರತ್ನಿರಿ. ಮೆಮೊರಿ ಅಳಿಸಿ ಹೋತು."

ಬಸ್ಸಿನಲ್ಲಿ ಸದಾನಂದರಿಗೆ ಒಂದು ಉಪಾಯ ಹೊಳೆಯಿತು. ಕೆಲಸ ಮಾಡುತ್ತಿದ್ದದ್ದು ಮೌನವೇ ಆದರೆ, ಗ್ರಹಗಳಿದ್ದರೆಷ್ಟು, ಬಿಟ್ಟರೆಷ್ಟು? ಧನರಾಜರೇ ಎಲ್ಲ ಹೇಳಲಿ.

ಮನೆಗೆ ಬಂದರೆ ಧನರಾಜ್ ಆಗಲೇ ಕೂತಿದ್ದರು. "ಒಂದು ಲೆಕ್ಕ ನಡೀತಾ ಉಂಟು ಧನರಾಜಣ್ಣ, ಸ್ವಲ್ಪ ಕೂತ್ಕೊಳ್ಳಿ," ಎಂದು ಸದಾನಂದರು ಎದುರಿಗೆ ಕೂತು, ಖಾಲಿ ಯಂತ್ರದ ಗುಂಡಿಗಳನ್ನು ಗಂಭೀರವಾಗಿ ಒತ್ತತೊಡಗಿದರು.

ಎರಡು ನಿಮಿಷ. ಧನರಾಜ್ ಮಾತಾಡಲಿಲ್ಲ. ನಾಲ್ಕು ನಿಮಿಷ. ಮೂವತ್ತು ವರ್ಷ ಹೋಟೆಲಿನ ಗಲ್ಲಾದ ಹಿಂದೆ ಕೂತ ಮನುಷ್ಯ, ಕೈ ಕಟ್ಟಿಕೊಂಡು ಗೋಡೆಗೆ ಒರಗಿಸಿಟ್ಟ ಅಕ್ಕಿ ಮೂಟೆಯಂತೆ ಕೂತಿದ್ದರು. ಆರು. ಕುಕ್ಕರ್ ಕೂಗಿ ಸುಮ್ಮನಾಯಿತು. ಸದಾನಂದರು ಅದೇ ಗುಂಡಿಗಳನ್ನು ಮತ್ತೆ ಮೊದಲಿನಿಂದ ಒತ್ತಿದರು. ಎಂಟು. ಧನರಾಜ್ ಒಮ್ಮೆ ಯಂತ್ರವನ್ನು, ಒಮ್ಮೆ ಅವರ ಮುಖವನ್ನು ನೋಡಿದರು. ಎಲ್ಲ ಗೊತ್ತಾಗಿಯೇ ಸುಮ್ಮನಿದ್ದಾರೆಯೇ? ಹತ್ತು.

"ಇದರೊಳಗೆ ಎಂತದೂ ಇಲ್ಲ ಧನರಾಜಣ್ಣ!" ಸದಾನಂದರ ಬಾಯಿಯಿಂದ ಮಾತು ನಲ್ಲಿ ಕಿತ್ತ ನೀರಿನಂತೆ ನುಗ್ಗಿತು. "ಎಲ್ಲ ಅಳಿಸಿ ಹೋಗಿದೆ. ಇದ್ದಾಗಲೂ ನಾನು ಹೇಳ್ತಿದ್ದದ್ದು ಬಂದವರು ಹೇಳಿದ್ದನ್ನೇ. ನಿಮ್ಮ ಮಗಳ ಜಾತಕ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ!"

ಧನರಾಜ್ ಕಣ್ಣು ಪಿಳುಕಿಸಿ ಜೇಬಿನಿಂದ ಒಂದು ಲಕೋಟೆ ತೆಗೆದರು. "ಯಾವ ಜಾತಕ ಮಾರಾಯ್ರೇ? ಸಮಿತಿ ಗುರುವಾರವೇ ನಿಮ್ಮನ್ನು ಸಂಚಾಲಕ ಮಾಡಿ ಆಯ್ತು. ಈ ಪತ್ರ ಕೊಟ್ಟು ಹೋಗುವ ಅಂತ ಬಂದೆ. ನಿಮ್ಮ ಲೆಕ್ಕ ಮುಗೀಲಿ ಅಂತ ಸುಮ್ಮನೆ ಕೂತಿದ್ದೆ."

ಸದಾನಂದರು ಕೈ ಚಾಚಿದರು. ಧನರಾಜ್ ಲಕೋಟೆಯನ್ನು ಮೆಲ್ಲಗೆ ಮಡಚಿ ಮತ್ತೆ ಜೇಬಿಗಿಟ್ಟು ಎದ್ದು ನಿಂತರು.

"ಜಾತಕದ್ದು ಬಿಡಿ, ಅದು ಹೇಗಾದರೂ ಆಗ್ತದೆ. ಆದರೆ ಈ ಕೆಲಸಕ್ಕೆ ನೂರು ಮನೆಯ ಗುಟ್ಟು ಹೊಟ್ಟೆಯಲ್ಲಿಟ್ಟುಕೊಳ್ಳುವವರು ಬೇಕು. ನಿಮಗೆ ನಿಮ್ಮ ಒಂದು ಗುಟ್ಟೇ ಹತ್ತು ನಿಮಿಷ ನಿಲ್ಲಲಿಲ್ಲ."