ಹತ್ತು ಬೈ ಹನ್ನೊಂದರ ಕೋಣೆಯಲ್ಲಿ ಎರಡು ಪೆಟ್ಟಿಗೆ

ನಾನು ಏನಾದರೊಂದು ಸಾಮಾನು ಕೊಳ್ಳಲು ಹೊರಟರೆ ಅದು ನನ್ನೊಬ್ಬನ ವ್ಯವಹಾರವಾಗಿ ಉಳಿದದ್ದೇ ಇಲ್ಲ. ಅಂಗಡಿಯವರು, ಬಸ್ಸಿನವರು, ಓಣಿಯವರು ಎಲ್ಲರೂ ನನಗೆ ಬುದ್ಧಿ ಹೇಳಿಯೇ ಮುಂದೆ ಹೋಗುತ್ತಾರೆ. ಅಷ್ಟಾದರೆ ತಡೆದುಕೊಳ್ಳಬಹುದಿತ್ತು. ಪ್ರತಿ ಸಲವೂ ಅವರು ಹೇಳಿದ್ದೇ ಸರಿಯಾಗಿರುತ್ತದೆ. ಮುಧೋಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಿಗೆ ಇದು ಹೆಮ್ಮೆಯ ಸಂಗತಿಯೇನಲ್ಲ.

ಈ ಸಲದ್ದು ಸ್ಪೀಕರಿನ ವಿಷಯ. ನನಗೆ ಇಪ್ಪತ್ತು ವರ್ಷದಿಂದ ಒಂದೇ ಆಸೆಯಿತ್ತು. ಒಳ್ಳೆಯ ಜೋಡಿ ಸ್ಪೀಕರಿನಲ್ಲಿ ಹಾಡು ಕೇಳಿದರೆ ಹಾಡುವವರು ಎರಡು ಪೆಟ್ಟಿಗೆಗಳ ನಟ್ಟನಡುವೆ, ಬರೀ ಗಾಳಿಯಲ್ಲಿ, ತಂಬೂರಿ ಹಿಡಿದು ಬಂದು ಕೂತಂತೆ ಆಗುತ್ತದಂತೆ. ಅದನ್ನು ಬನಹಟ್ಟಿಯ ನೇಕಾರ ಓಣಿಯ ನನ್ನ ಬಾಡಿಗೆ ಮನೆಯಲ್ಲಿ ಒಮ್ಮೆ ಕೇಳಬೇಕು. ಇದ್ದ ಕೋಣೆ ಹತ್ತು ಬೈ ಹನ್ನೊಂದು. ಅದರಲ್ಲಿ ಪೆಟ್ಟಿಗೆ ಒಳಗೆ ಬರಬೇಕೆಂದರೆ ಹೆಂಡತಿಯ ಹೊಲಿಗೆ ಮಷೀನು ಅಡುಗೆಮನೆಗೆ ಹೋಗಬೇಕಿತ್ತು. ಅವಳು ಒಪ್ಪಿದಳು, ಆದರೆ ಕರಾರು ಹಾಕಿದಳು.

“ಹಾಡವ್ರು ಬಂದು ಕುಂತ್ರ ಪೆಟ್ಟಿಗಿ ಇರಲಿ. ಬರಲಿಲ್ಲಂದ್ರ ಪೆಟ್ಟಿಗಿ ಹೊಳ್ಳಿ ಹೋಗಲಿ, ನನ್ನ ಮಷೀನ ತನ್ನ ಜಾಗಾಕ ಬರಲಿ.”

ಅಂಗಡಿಯವರು ಹತ್ತು ದಿನದೊಳಗೆ ವಾಪಸು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಆ ಹತ್ತು ದಿನದ ಕಥೆ ಇದು.

೧. ನಕ್ಷೆ

ಹುಬ್ಬಳ್ಳಿಯ ಆ ಅಂಗಡಿಯಲ್ಲಿ ಸ್ಪೀಕರು ಕೇಳಲಿಕ್ಕೇ ಬೇರೆ ಕೋಣೆಯಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಗೋಡೆಗೆಲ್ಲ ಮೆತ್ತನೆಯ ಬಟ್ಟೆ, ನಡುವೆ ಒಂದೇ ಒಂದು ಕುರ್ಚಿ. ಗುಡಿಯ ಗರ್ಭಗುಡಿಯಲ್ಲಿ ನಿಂತ ಹಾಗೆ ಕೈಕಟ್ಟಿ ನಿಂತೆ. ಅಂಗಡಿಯವರು ದೊಡ್ಡ ಜೋಡಿಯೊಂದನ್ನು ನುಡಿಸಿದರು, ಎದೆಯೊಳಗೆ ಗುಡುಗು ಇಳಿದಂತಾಯಿತು. ಇದನ್ನೇ ಕೊಡಿ ಎಂದೆ. ಅವರು ಕೊಡಲಿಲ್ಲ. ಮೊದಲು ನಿಮ್ಮ ಕೋಣೆಯ ನಕ್ಷೆ ಬರೆದು ತೋರಿಸಿ ಎಂದರು.

ಬರೆದೆ. ಮಂಚ, ಕಪಾಟು, ಬಾಗಿಲು, ಕಿಟಕಿ. ಅವರು ನೋಡಿ, ಸಣ್ಣ ಕೋಣೆಗೆ ಸಣ್ಣ ಜೋಡಿಯೇ ಸರಿ, ದೊಡ್ಡದು ತಂದರೆ ಅದು ಕೋಣೆಯನ್ನೇ ನುಂಗುತ್ತದೆ ಎಂದು ತಿಳಿಸಿ ಹೇಳಿದರು. ಪುಸ್ತಕದ ಕಪಾಟಿನ ಮೇಲಿಡುವಷ್ಟೇ ಗಾತ್ರದ ಜೋಡಿ ತೋರಿಸಿದರು. ಆದರೆ ಅದನ್ನು ಕಪಾಟಿನ ಮೇಲೆ ಮಾತ್ರ ಇಡಬೇಡಿ, ಸ್ಟ್ಯಾಂಡಿನ ಮೇಲಿಡಿ ಎಂದರು. ಹಿಂದಿನ ಗೋಡೆಯಿಂದ ಎರಡಡಿ, ಪಕ್ಕದ ಗೋಡೆಯಿಂದ ಎರಡಡಿ, ನಾನು ಎರಡಕ್ಕೂ ಸಮ ದೂರದಲ್ಲಿ ಕೂಡಬೇಕು. ಸ್ಕೇಲು ಹಿಡಿದು ಲೆಕ್ಕ ಹಾಕಿದೆ. ನಾನು ಕೂಡುವ ಜಾಗ ಸರಿಯಾಗಿ ಬಟ್ಟೆ ಕಪಾಟಿನ ಒಳಗೆ ಬಂತು.

ಇರಲಿ, ಈ ಗೋಡೆಯ ಆಚೆ ಏನಿದೆ ಎಂದು ಅವರು ಕೇಳಿದರು. ಎಂಟು ಪವರ್‌ಲೂಮು, ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯುತ್ತವೆ ಎಂದೆ. ಅವರು ಪೆನ್ನಿಗೆ ಟೊಪ್ಪಿಗೆ ಹಾಕಿ ಕಿಸೆಯಲ್ಲಿಟ್ಟುಕೊಂಡರು.

“ಸರ್, ನಿಮಗ ಬೇಕಾಗಿದ್ದು ಸ್ಪೀಕರ್ ಅಲ್ರಿ,” ಎಂದರು. “ಬ್ಯಾರೆ ಮನಿ.”

೨. ಬೆರಳಿನ ಗೆಣ್ಣು

ಸಣ್ಣ ಜೋಡಿಯನ್ನೇ ಹೊತ್ತು ಬಂದೆ. ಮುಧೋಳದಲ್ಲಿ ಬಸ್ಸು ಬದಲಿಸಿದಾಗ ಡಬ್ಬಿಗಳಿಗೆ ಸೀಟು ಕೊಟ್ಟು ನಾನು ನಿಂತೆ. ಕಂಡಕ್ಟರ್ ಇದೇನು ಎಂದು ಕೇಳಿದರು. ಹೇಳಿದರೂ ನಂಬದೆ ಒಂದು ಡಬ್ಬಿ ಬಿಚ್ಚಿಸಿಯೇ ನೋಡಿದರು. ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು ಕೂತಿದ್ದರು. ರನ್ನ ಬೆಳಗಲಿ ಊರಿನವರು, ಬೀರದೇವರ ಗುಡಿಯಲ್ಲಿ ಡೊಳ್ಳು ಬಾರಿಸುವವರು. ಅವರು ನನ್ನನ್ನೇನೂ ಕೇಳದೆ ಬೆರಳಿನ ಗೆಣ್ಣಿನಿಂದ ಪೆಟ್ಟಿಗೆಯ ಮೈಯನ್ನು ನಾಲ್ಕು ಕಡೆ ತಟ್ಟಿದರು, ಕಿವಿಗೊಟ್ಟು ಕೇಳಿದರು.

“ಛಲೋ ಮಾಲ ಐತಿ,” ಎಂದರು. “ಡೊಳ್ಳಿನ ಮೈ ನುಡೀಬೇಕು. ಇದರ ಮೈ ಸುಮ್ಮ ಇರಬೇಕು. ಸುಮ್ಮ ಐತಿ.”

ನಾನು ದಂಗಾಗಿ ನಿಂತೆ. ಇದೇ ಮಾತನ್ನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ತೆರೆದು, ಏರಿಳಿಯುವ ಗೆರೆ ತೋರಿಸಿ, ಅರ್ಧ ತಾಸು ಹೇಳಿದ್ದರು. ಆಗ ನನಗೆ ತಿಳಿದಿರಲಿಲ್ಲ, ತಲೆಯಾಡಿಸಿದ್ದೆ ಅಷ್ಟೇ. ಇವರು ನಾಲ್ಕು ಸಲ ತಟ್ಟಿದ್ದರಲ್ಲಿ ತಿಳಿಯಿತು. ಕೈಮುಗಿಯಬೇಕೆನ್ನಿಸಿತು, ಆದರೆ ಬಸ್ಸಿನ ಕಂಬಿ ಹಿಡಿದುಕೊಂಡಿದ್ದೆ.

ಅವರಿಗೆ ಒಂದೇ ಅನುಮಾನ. ಇಷ್ಟು ಸಣ್ಣ ಪೆಟ್ಟಿಗೆಯ ಹಾಡು ಊರಿಗೆಲ್ಲ ಹೇಗೆ ಕೇಳಿಸುತ್ತದೆ ಎಂದು ಕೇಳಿದರು. ಊರಿಗಲ್ಲ, ಮನೆಯಲ್ಲಿ ನಾನೊಬ್ಬನೇ ಕೂತು ಕೇಳುವುದಕ್ಕೆ ಎಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

“ಮನ್ಯಾಗ ಏನರ ಜಗಳ ಆಗೇತೇನ್ರಿ?”

೩. ಕುಂಚಿಗೆ

ಮನೆಯಲ್ಲಿ ಜಗಳವೇನೂ ಆಗಿರಲಿಲ್ಲ. ಬಂದ ದಿನವೇ ಪೆಟ್ಟಿಗೆಗಳನ್ನು ಸ್ಟ್ಯಾಂಡಿನ ಮೇಲಿಟ್ಟು, ಆಂಪ್ಲಿಫೈಯರಿನಿಂದ ತಂತಿಗಳನ್ನು ನಾನೇ ಜೋಡಿಸಿದ್ದೆ. ನಾಲ್ಕನೆಯ ದಿನ ಶಾಲೆಯಿಂದ ಬಂದಾಗ ಎರಡೂ ಪೆಟ್ಟಿಗೆಗಳಿಗೆ ಅಂಗಿ ತೊಡಿಸಲಾಗಿತ್ತು. ಬನಹಟ್ಟಿಯ ದಪ್ಪ ಕಾಟನ್ ಸೀರೆಯ ಬಟ್ಟೆ, ಕೆಂಪು ದಡಿ, ಸುತ್ತಲೂ ಝಾಲರು. ನಮ್ಮ ಓಣಿಯಲ್ಲಿ ಟಿವಿ, ಮಿಕ್ಸರು, ಫ್ರಿಜ್ಜಿನ ಹಿಡಿಕೆ ಯಾವುದನ್ನೂ ಬರಿಮೈಯಲ್ಲಿ ಬಿಡುವ ಪದ್ಧತಿಯಿಲ್ಲ. ಮಷೀನನ್ನು ಅಡುಗೆಮನೆಗೆ ಅಟ್ಟಿದ್ದಕ್ಕೆ ಕೋಪ ಮಾಡಿಕೊಳ್ಳದೆ, ಒಲೆಯ ಪಕ್ಕ ಕೂತು ಅವಳು ಇದನ್ನು ಹೊಲಿದಿದ್ದಳು. ತೆಗೆ ಎನ್ನಲು ನನಗೆ ಬಾಯಿ ಬರಲಿಲ್ಲ. ಎರಡು ದಿನ ಹಾಗೇ ಕೇಳಿದೆ. ಹಾಡುವವರು ಕೌದಿಯೊಳಗೆ ಮಲಗಿ ಹಾಡುತ್ತಿದ್ದರು.

ಅದರ ಮರುದಿನ ಧೈರ್ಯ ಮಾಡಿ, ಬಾಯಿಗೆ ಬಟ್ಟೆ ಕಟ್ಟಿದರೆ ಯಾರಾದರೂ ಹೇಗೆ ಹಾಡುತ್ತಾರೆ ಎಂದು ಮೆಲ್ಲಗೆ ಕೇಳಿದೆ. ಅದು ಖರೆ ಎಂದಳು. ಕತ್ತರಿ ತಂದು ಎದುರಿನ ಬಟ್ಟೆಯನ್ನಷ್ಟೇ ದುಂಡಗೆ ಕತ್ತರಿಸಿ, ಅಂಚು ಮಡಚಿ ಹೊಲಿದಳು. ತಲೆಯ ಮೇಲಿನ ಝಾಲರು ಹಾಗೇ ಉಳಿಯಿತು. ಈಗ ಎರಡೂ ಕುಂಚಿಗೆ ಹಾಕಿಸಿಕೊಂಡ ಕೂಸುಗಳ ಹಾಗೆ ಕಾಣತೊಡಗಿದವು. ಪ್ರಪಂಚದ ಯಾವ ಎಂಜಿನಿಯರನೂ ಇಂಥದ್ದನ್ನು ನೋಡಿರಲಾರ. ಅವಳು ದೂರ ನಿಂತು ತೃಪ್ತಿಯಿಂದ ನೋಡಿದಳು. “ಮಾರಿ ತೊಳದಂಗಾತು. ಇನ್ನ ಹಾಡಂತ ಹೇಳ್ರಿ,” ಎಂದಳು.

ಹಾಡಿದವು. ಆದರೆ ನಡುವೆ ಬಂದು ಕೂಡಬೇಕಾದವರು ಮಾತ್ರ ಬರಲಿಲ್ಲ. ದನಿ ಗೋಡೆಯ ತುಂಬ ಹರಡಿಕೊಳ್ಳುತ್ತಿತ್ತು, ಯಾರದೂ ಮುಖ ಕಾಣುತ್ತಿರಲಿಲ್ಲ. ಮಗ್ಗದ ಸದ್ದಿನಲ್ಲಿ ಹೀಗಾಗುತ್ತಿರಬೇಕು ಎಂದು ಹೆಂಡತಿಗೆ ಹೇಳಿದೆ, ನನಗೂ ಹೇಳಿಕೊಂಡೆ.

೪. ಅಮಾವಾಸ್ಯೆ

ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಮಗ್ಗ ಹಚ್ಚುವುದಿಲ್ಲ. ವಿಭೂತಿ ಹಚ್ಚಿ, ಕಾಯಿ ಒಡೆದು, ಅವಕ್ಕೂ ವಿಶ್ರಾಂತಿ ಕೊಡುತ್ತಾರೆ. ಆ ಸಲದ ಅಮಾವಾಸ್ಯೆ ರವಿವಾರವೇ ಬಂತು. ಅದೇ ನನ್ನ ಹತ್ತನೆಯ ದಿನ. ಆವತ್ತು ಹಾಡುವವರು ಬರದಿದ್ದರೆ ಇಪ್ಪತ್ತು ವರ್ಷದ ಆಸೆ ಸಂಜೆಯ ಬಸ್ಸಿಗೆ ಹುಬ್ಬಳ್ಳಿಗೆ ಹೋಗಬೇಕಿತ್ತು.

ಪಕ್ಕದ ಮನೆಯ ಅಜ್ಜ ಅಜ್ಜಿಯನ್ನು ಹೋಳಿಗೆ ಊಟಕ್ಕೆ ಕರೆದಿದ್ದೆವು. ಆ ಎಂಟು ಮಗ್ಗ ಅವರವೇ. ಐವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕಳೆದ ಅಜ್ಜನಿಗೆ ಕಿವಿ ಪೂರ್ತಿ ಹೋಗಿದೆ ಎಂದು ಓಣಿಯೆಲ್ಲ ತಿಳಿದಿತ್ತು. ನಾವು ಅವರ ಜೊತೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದೆವು. ಅಜ್ಜಿಯಂತೂ ಅವರ ಎದುರಿಗೇ ಕೂತು, ಅವರ ದುಡುಕು, ಹಟ, ಊಟದ ಖಯಾಲಿ ಎಲ್ಲವನ್ನೂ ಬಂದವರಿಗೆ ಹೇಳುತ್ತಿದ್ದರು. ಅಜ್ಜ ನಗುತ್ತಾ ಕೂತಿರುತ್ತಿದ್ದರು.

ಊಟವಾಯಿತು. ಓಣಿ ಸ್ತಬ್ಧವಾಗಿತ್ತು. ಫ್ಯಾನಿನ ಸದ್ದಿಗಿಂತ ಸಣ್ಣಗೆ ಹಾಡು ಹಚ್ಚಿದೆ. ಐದು ನಿಮಿಷವಾಯಿತು. ಹೆಂಡತಿ ಪೆಟ್ಟಿಗೆಗಳ ನಡುವೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎದ್ದು ಖಾಲಿ ಡಬ್ಬಿ ತರಲು ಹೊರಟೆ.

ಆಗ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ ಅಜ್ಜ ಮಾತಾಡಿದರು. “ಮಾಸ್ತರ, ಇವೆರಡೂ ಜೋಡಿ ನಡದಿಲ್ಲ ನೋಡ್ರಿ. ಒಂದು ಮುಂದ ದೂಡಿದಾಗ ಇನ್ನೊಂದು ಹಿಂದ ಜಗ್ಗಾಕತ್ತೇತಿ.”

ನಾನು ಪೆಟ್ಟಿಗೆಗಳ ಬೆನ್ನಿಗೆ ಬಗ್ಗಿ ನೋಡಿದೆ. ಎಡಗಡೆಯದರಲ್ಲಿ ಕೆಂಪು ತಂತಿಯನ್ನು ಕಪ್ಪಿನ ಜಾಗಕ್ಕೆ, ಕಪ್ಪನ್ನು ಕೆಂಪಿನ ಜಾಗಕ್ಕೆ ಸಿಕ್ಕಿಸಿದ್ದೆ. ಧನ, ಋಣ ಯಾವುದೆಂದು ವರ್ಷಾ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುವವನು ನಾನೇ. ನಾಚಿಕೆಯಿಂದ ತಂತಿ ತಿರುಗಿಸಿ ಮತ್ತೆ ಹಚ್ಚಿದೆ.

ಬಂದರು. ಗೋಡೆಯ ತುಂಬ ಚೆಲ್ಲಿದ್ದ ದನಿಯೆಲ್ಲ ಒಂದೆಡೆ ಕೂಡಿತು. ಝಾಲರಿನ ಎರಡು ಕುಂಚಿಗೆಗಳ ನಟ್ಟನಡುವೆ ಯಾರೋ ಪದ್ಮಾಸನ ಹಾಕಿ ಕೂತು ಹಾಡತೊಡಗಿದರು. ಸ್ವರ ಹಿಡಿಯುವ ಮೊದಲು ಅವರು ಉಸಿರೆಳೆದುಕೊಂಡದ್ದೂ ಕೇಳಿಸಿತು. ನನ್ನ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು. ಹೆಂಡತಿ ತಲೆಯ ಮೇಲೆ ಸೆರಗು ಹೊದ್ದುಕೊಂಡು, ಆ ಜಾಗದಲ್ಲಿದ್ದ ಹೋಳಿಗೆಯ ತಾಟನ್ನು ಬದಿಗೆ ಸರಿಸಿದಳು. ಮಷೀನಿನ ಮಾತು ಆಮೇಲೆ ಬರಲೇ ಇಲ್ಲ.

ಹಾಡು ಮುಗಿದ ಮೇಲೆ ನೋಡಿದರೆ ಅಜ್ಜಿ ಮಾತ್ರ ಪೆಟ್ಟಿಗೆಯ ಕಡೆ ನೋಡುತ್ತಿರಲಿಲ್ಲ. ಗಂಡನ ಕಡೆ ನೋಡುತ್ತಿದ್ದರು. ಮುಖ ಬಿಳಿಚಿತ್ತು.

“ಹಂಗಾರ ಇಷ್ಟ ವರ್ಷ ನಾ ಅಂದದ್ದೆಲ್ಲಾ ನಿಮಗ ಕೇಳಿಸೇತಿ?” ಎಂದು ಸಣ್ಣ ದನಿಯಲ್ಲಿ ಕೇಳಿದರು.

ಅಜ್ಜ ಗೋಡೆ ಬಿಟ್ಟು ಅಜ್ಜಿಯ ಕಡೆ ತಿರುಗಿದರು. “ಬೈದದ್ದು ಕೇಳಿಸಿಲ್ಲ,” ಎಂದರು. “ನನಗ ಜಡ್ಡಾದಾಗ ನೀ ದೇವರ ಜಗಲಿ ಮುಂದ ಕುಂತು, ಇವರನ್ನ ಬಿಟ್ಟು ನನ್ನ ಒಯ್ಯೋ ದೇವರ ಅಂದಿದ್ದಿ. ಅದಷ್ಟ ಕೇಳಿಸೇತಿ.”

ನಮಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು, ಮೂಗು ಸೀಟಿಕೊಂಡರು, ನೆಟ್ಟಗೆ ಕೂತರು.

“ಆತು ಬಿಡ್ರಿ. ಕಿವಿ ಛಲೋ ಅದಾವ ಅಂತ ಗೊತ್ತಾತಲ್ಲ. ನಾಳಿಂದ ಗಿರಣಿಗೆ ಹೋಗಿ ಜ್ವಾಳಾ ನೀವ ಬೀಸಿಕೊಂಡ ಬರ್ರಿ.”

ಅಜ್ಜ ಅಂಗೈಯನ್ನು ಕಿವಿಯ ಹಿಂದೆ ಹಿಡಿದು ಅಜ್ಜಿಯ ಕಡೆ ಬಾಗಿದರು.

“ಆಂ? ಏನಂದಿ?”