ದೊಡ್ಡಪ್ಪ ವ್ಯಾಕ್ಯೂಮ್ ಕ್ಲೀನರ್ ಆರಿಸಿದ್ದು

ನಮ್ಮ ದೊಡ್ಡಪ್ಪ ದೂರದಲ್ಲಿ ಕಂಡರೆ ಸಾಕು, ಇರುವ ವ್ಯಾಕ್ಯೂಮ್ ಕ್ಲೀನರನ್ನು ಬಚ್ಚಿಟ್ಟು “ಸ್ಟಾಕ್ ಇಲ್ಲ ಸಾರ್” ಎನ್ನುವ ಅಂಗಡಿಗಳು ಮಧುಗಿರಿಯಲ್ಲಿ ಮೂರಿವೆ, ಶಿರಾದಲ್ಲಿ ಎರಡು. ಕೊರಟಗೆರೆಯಲ್ಲಿ ಒಂದೂ ಇಲ್ಲ. ಅಲ್ಲಿಗೆ ಅವರಿನ್ನೂ ಹೋಗಿಲ್ಲ, ಅಷ್ಟೇ.

ಪಾಪ, ಅವರು ಕೇಳುತ್ತಿದ್ದುದು ದೊಡ್ಡದೇನಲ್ಲ. ಕೈಯಲ್ಲಿ ಹಿಡಿದು ಆಡಿಸುವ, ಚೊಂಬಿನ ಗಾತ್ರದ ಪುಟ್ಟ ಮಿಷನ್. ಕಾರಣ ನಮ್ಮ ದೊಡ್ಡಮ್ಮ. ಒಂದು ವರ್ಷದಿಂದ ಅವರ ಬಲಗೈ ನಡುಗುತ್ತದೆ. ತಟ್ಟೆಯಿಂದ ಹೊರಟ ತುತ್ತು ಅರ್ಧ ಬಾಯಿಗೆ ಸೇರಿದರೆ ಅರ್ಧ ನೆಲಕ್ಕೆ. ನಾಚಿಕೆಯಾಗಿ ಎಲ್ಲರ ಜೊತೆ ಕೂತು ಉಣ್ಣುವುದನ್ನೇ ಬಿಟ್ಟರು. ನಮ್ಮದೆಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುವರು. ಹೆಚ್ಚು ಬಡಿಸಿಕೊಂಡರೆ ಹೆಚ್ಚು ಚೆಲ್ಲುತ್ತದೆಂದು ಅನ್ನವನ್ನೂ ಕಡಿಮೆ ಮಾಡಿದ್ದರು. ಆಮೇಲೆ ಸೊಂಟ ಹಿಡಿದುಕೊಂಡು ತಾವೇ ನೆಲ ಬಳಿಯುವರು. ನನ್ನ ಹೆಂಡತಿ ಬಟ್ಟೆ ಕೈಗೆತ್ತಿಕೊಂಡರೆ, “ನನ್ ಎಂಜ್ಲ ನೀನ್ಯಾಕೆ ಬಳೀತೀಯಾ, ಬುಡಮ್ಮ” ಎಂದು ಕಿತ್ತುಕೊಳ್ಳುವರು. ನೋಡನೋಡುತ್ತಾ ಸೊರಗಿಹೋದರು.

“ಒಂದ್ ಮಿಷನ್ ತತ್ತೀನಿ. ನೀನು ಬಗ್ಗಂಗಿಲ್ಲ, ಬಳಿಯಂಗಿಲ್ಲ. ಇನ್ಮೇಲೆ ನಮ್ ಜೊತೇಲೇ ಕೂತು ಉಣ್ಬೇಕು” ಎಂದು ದೊಡ್ಡಪ್ಪ ಘೋಷಿಸಿದರು.

ಬೇರೆಯವರಾಗಿದ್ದರೆ ಒಂದು ಕೊಂಡು ತಂದು ಸುಮ್ಮನಾಗುತ್ತಿದ್ದರು. ಆದರೆ ದೊಡ್ಡಪ್ಪ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಊರೂರಿನ ತಕ್ಕಡಿಗಳನ್ನು ಹಿಡಿದು ನೋಡುವುದೇ ಕೆಲಸ. ಅವರು ನಿವೃತ್ತರಾಗಿ ಹನ್ನೆರಡು ವರ್ಷವಾಯಿತು. ಅವರ ಅನುಮಾನ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

ಮಧುಗಿರಿಯ ಮೊದಲ ಅಂಗಡಿಗೆ ನನ್ನನ್ನು ಬೈಕಿನಲ್ಲಿ ಹೊರಡಿಸಿ, ತಾವು ಹಿಂದೆ ಕೂತರು. ಅವರ ಕೈಯಲ್ಲಿ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್, ಒಂದು ಸಣ್ಣ ತಕ್ಕಡಿ. ಯಾರಾದರೂ ಆಸ್ಪತ್ರೆಯಲ್ಲಿದ್ದಾರೇನೋ ಎಂದು ದಾರಿಯಲ್ಲಿ ಇಬ್ಬರು ನಿಲ್ಲಿಸಿ ವಿಚಾರಿಸಿದರು. ಅಂಗಡಿಯಲ್ಲಿ ಡಬ್ಬಿ ಬಿಚ್ಚಿದಾಗ ಒಂದರಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಕಡಲೆಪುರಿ, ಕೆಳಗಿನದರಲ್ಲಿ ಸಾರನ್ನ.

ಸೇಲ್ಸ್‌ಮನ್ ಗಾಬರಿಯಾದ. “ಡೆಮೊಗೆ ನಾವೇ ಥರ್ಮೋಕೋಲ್ ಚೂರು ಇಟ್ಟಿದೀವಿ ಸಾರ್.”

“ನಮ್ಮನೇಲಿ ಯಾರೂ ಥರ್ಮೋಕೋಲ್ ಉಣ್ಣಲ್ಲ ಕಣಪ್ಪ.”

ಐವತ್ತು ಗ್ರಾಂ ಚಿತ್ರಾನ್ನ ತೂಗಿ ಅಂಗಡಿಯ ಹೊಳೆಯುವ ನೆಲದ ಮೇಲೆ ಚೆಲ್ಲಿಯೇಬಿಟ್ಟರು. ಮಿಷನ್ ಎಳೆದುಕೊಂಡಿತು. ಹೊಟ್ಟೆ ಬಿಚ್ಚಿ ತೂಗಿದರೆ ನಲವತ್ತೇಳು.

“ಮೂರು ಗ್ರಾಂ ಎಲ್ಲೋಯ್ತು?”

“ದೇವ್ರಾಣೆ ನಾನ್ ತಗೊಂಡಿಲ್ಲ ಸಾರ್!”

ನಾನು ಮಂಡಿಯೂರಿ ಹುಡುಕಿದೆ. ಕೊಳವೆಯ ಬಾಯಲ್ಲಿ ಒಂದು ಕರಿಬೇವಿನ ಎಲೆ, ನಾಲ್ಕು ಕಡಲೆಬೀಜ ಸಿಕ್ಕಿಕೊಂಡಿದ್ದವು. ಪದವಿ ಓದಿದ್ದು ಇದಕ್ಕೇನಾ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ದೊಡ್ಡಪ್ಪನಿಗೆ ಎಂಜಲೆಂದರೆ ಆಗದು. ಮದುವೆಮನೆಗೆ ಹೋದರೆ ಜೇಬಿನಲ್ಲಿ ಸ್ವಂತ ಲೋಟ ಇರುತ್ತದೆ. ಮೊಮ್ಮಗಳು ಪ್ರೀತಿಯಿಂದ ಕಚ್ಚಿ ಕೊಟ್ಟ ಸೀಬೆಹಣ್ಣನ್ನು ಕೈಯಲ್ಲೂ ಮುಟ್ಟದೆ “ಅಲ್ಲೇ ಇಡಮ್ಮ” ಎಂದವರು. ಆದ್ದರಿಂದ ಶಿರಾದ ಅಂಗಡಿಯಲ್ಲಿ ಅವರ ಪ್ರಶ್ನೆಯೇ ಬೇರೆಯಾಗಿತ್ತು.

“ಸಾಹೇಬ್ರೆ, ಎಂಜ್ಲು ಎಳ್ಕಂಡ ಮೇಲೆ ಇದೇ ಮಿಷನ್ನ ದೇವ್ರ ಕೋಣೇಲಿ ವಿಭೂತಿ ಎಳ್ಯಕ್ಕೆ ಇಟ್ಕಬೋದಾ?”

ಅಂಗಡಿಯ ಸಾಹೇಬರು ಗಡ್ಡ ನೀವಿಕೊಂಡು ಯೋಚಿಸಿದರು. “ವಾರಂಟಿ ಕಾರ್ಡಲ್ಲಿ ಅದು ಬರ್ದಿಲ್ಲ ಚಾಚಾ. ಎರಡು ತಗೊಂಡ್ಬುಡಿ, ಝಗಡಾನೇ ಇಲ್ಲ.”

ಎರಡು ತೆಗೆದುಕೊಳ್ಳಲಿಲ್ಲ. ವಿಭೂತಿಗೆ ಪೊರಕೆಯೇ ಇರಲೆಂದು ತೀರ್ಮಾನವಾಯಿತು. ಇನ್ನೂ ಎರಡು ಸಲ ಅಲೆದು, ಸಾರನ್ನವನ್ನೂ ನುಂಗಿ ತೂಕ ಸರಿಯಾಗಿ ಒಪ್ಪಿಸಿದ ಒಂದು ಮಿಷನ್ ಮನೆಗೆ ಬಂತು.

ಭಾನುವಾರ ಮಧ್ಯಾಹ್ನ ದೊಡ್ಡಮ್ಮನನ್ನು ಬಲವಂತವಾಗಿ ನಮ್ಮ ಸಾಲಿನಲ್ಲಿ ಕೂರಿಸಿದೆವು. ಪಕ್ಕದಲ್ಲಿ ದೊಡ್ಡಪ್ಪ, ಎಡಗೈಯಲ್ಲಿ ಮಿಷನ್. ಮೊದಲ ತುತ್ತಿಗೇ ನಾಲ್ಕು ಅಗುಳು ಉದುರಿದವು. ತಕ್ಷಣ ಮಿಷನ್ ಗುಂಯ್ ಎಂದಿತು. ಎದುರುಮನೆಯವರು ಕಿಟಕಿಯಲ್ಲಿ ಇಣುಕಿದರು. ಎರಡನೇ ತುತ್ತಿಗೆ ಮತ್ತೆ ಗುಂಯ್.

ದೊಡ್ಡಮ್ಮನ ಮುಖ ಸಣ್ಣದಾಯಿತು. “ಚೆಲ್ಲಿದ್ದು ಇಷ್ಟ್ ದಿನ ಮನೆಯೋರ್ಗಷ್ಟೇ ಕಾಣೋದು. ಈಗ ಬೀದಿಗೆಲ್ಲ ಸಾರ್ತೀರೇನ್ರೀ?” ಎಂದು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು. ಎಲ್ಲವನ್ನೂ ಅಳೆದು ತೂಗಿದ ನಮ್ಮ ಇನ್ಸ್‌ಪೆಕ್ಟರು ಸದ್ದೊಂದನ್ನು ಅಳೆದಿರಲಿಲ್ಲ.

ದೊಡ್ಡಪ್ಪ ಮಿಷನ್ ಆರಿಸಿದರು. ಆಮೇಲೆ ತಮ್ಮ ತಟ್ಟೆ ಎತ್ತಿಕೊಂಡು ಅವರೂ ಒಳಗೆ ನಡೆದರು. ಅನ್ನ ಬಡಿಸುವ ನೆಪದಲ್ಲಿ ನಾನೂ ಪಾತ್ರೆ ಹಿಡಿದು ಹಿಂದೆಯೇ ಹೋದೆ. ಇಬ್ಬರೂ ಗೋಡೆಗೆ ಮುಖ ಮಾಡಿ ಅಕ್ಕಪಕ್ಕ ಕೂತಿದ್ದರು. ದೊಡ್ಡಮ್ಮನ ಕೈ ನಡುಗಿ, ಬಾಯಿ ಮುಟ್ಟಿದ್ದ ತುತ್ತಿನಲ್ಲಿ ಅರ್ಧ ನೆಲಕ್ಕೆ ಬಿತ್ತು. ದೊಡ್ಡಪ್ಪ ಅದನ್ನು ಬೆರಳಿನಿಂದ ಒಟ್ಟುಮಾಡಿ, ತಮ್ಮ ತಟ್ಟೆಗೆ ಹಾಕಿಕೊಂಡು, ಕಲಸಿ ಬಾಯಿಗಿಟ್ಟರು.

“ಅದು ಎಂಜ್ಲು ಕಣ್ರೀ” ಎಂದರು ದೊಡ್ಡಮ್ಮ.

“ಗೊತ್ತು. ನೀನು ಉಣ್ಣು.”

ದೊಡ್ಡಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ನಡುಗುವ ಕೈಯಿಂದಲೇ ತಟ್ಟೆ ಮುಂದೆ ಹಿಡಿದರು.

“ಇನ್ನೊಂದೀಟು ಅನ್ನ ಆಕಪ್ಪ.”