ಹಂತಕನ ಹೋಟೆಲಿಗೆ ತುರ್ತು ಬಾಗಿಲಿಲ್ಲ

ಆ ಹಂತಕನ ಧಾರಾವಾಹಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ: ಅಷ್ಟೊಂದು ಬೇಜವಾಬ್ದಾರಿ ಧಾರಾವಾಹಿಯನ್ನು ನಾನು ನೋಡಿಯೇ ಇಲ್ಲ. ಕೊಲೆಗಳ ವಿಷಯ ಬಿಡಿ, ಅದು ಅವರವರ ಕಸುಬು. ಆದರೆ ಹದಿನಾಲ್ಕು ಮಹಡಿಯ ಹೋಟೆಲಿನ ಮೆಟ್ಟಿಲುಗಳ ಮೇಲೆ ರಟ್ಟಿನ ಪೆಟ್ಟಿಗೆ ಪೇರಿಸಿಟ್ಟಿದ್ದಾರಲ್ಲ, ಅದನ್ನು ಹೇಗೆ ಕ್ಷಮಿಸುವುದು? ತಾರಸಿಯ ತುರ್ತು ಬಾಗಿಲಿಗೆ ಹೊರಗಡೆಯಿಂದ ಬೀಗ! ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು! ಆ ಹಂತಕ ಬಂದೂಕನ್ನು ಬಿಡಿಬಿಡಿಯಾಗಿ ಸೂಟ್‌ಕೇಸಿನಲ್ಲಿ ಹೊತ್ತು ತರಬೇಕಾಗಿಯೇ ಇರಲಿಲ್ಲ. ಒಂದು ಬೆಂಕಿಕಡ್ಡಿ ಸಾಕಿತ್ತು.

(ನಾನು ಅಗ್ನಿ ಸುರಕ್ಷತಾ ಪರಿಶೀಲಕ. ಇಪ್ಪತ್ತೆರಡು ವರ್ಷಗಳಿಂದ ಕಂಡವರ ಕಟ್ಟಡಗಳಿಗೆ ನುಗ್ಗಿ ಸಿಲಿಂಡರ್ ಅಲ್ಲಾಡಿಸಿ ನೋಡುವುದೇ ನನ್ನ ಕೆಲಸ. ದೊಡ್ಡ ದೊಡ್ಡ ಮ್ಯಾನೇಜರುಗಳು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಮನೆಯಲ್ಲಿ ಎದ್ದು ನಿಲ್ಲುವವನು ನಾನೊಬ್ಬನೇ.)

ನಮ್ಮ ಅತ್ತೆಯ ಅಭಿಪ್ರಾಯವೇ ಬೇರೆ. ಅವರ ಪ್ರಕಾರ ಆ ಹಂತಕನಂಥ ಅಚ್ಚುಕಟ್ಟಾದ ಹುಡುಗ ಭೂಮಂಡಲದಲ್ಲೇ ಇಲ್ಲ.

"ನೋಡಿ ಅಳಿಯಂದ್ರೇ, ಕೊಂದ ಮೇಲೂ ಎಷ್ಟು ಚೆನ್ನಾಗಿ ಕೈ ತೊಳ್ಕೋತಾನೆ! ಟವೆಲ್ ಮಡಚಿ ಇಡ್ತಾನೆ. ನೀವು ಯಾರನ್ನೂ ಕೊಲ್ಲದೇನೇ ಟವೆಲ್ಲನ್ನ ಕುರ್ಚಿ ಮೇಲೆ ಎಸೀತೀರಿ."

ಹಂತಕನಿಗೆ ಇನ್ನೊಂದು ಸದ್ಗುಣವೂ ಇತ್ತು. ಅವನು ಮಾತೇ ಆಡುತ್ತಿರಲಿಲ್ಲ. ಈ ಗುಣವನ್ನೂ ಅತ್ತೆ ನನ್ನ ಕಡೆ ನೋಡಿಕೊಂಡೇ ಹೊಗಳುತ್ತಿದ್ದರು.

ಹೀಗೆ ದಿನಾ ಸಂಜೆ ಏಳರಿಂದ ಏಳೂವರೆಯವರೆಗೆ ಒಬ್ಬ ಕೊಲೆಗಡುಕನೆದುರು ನಾನು ಸೋಲುತ್ತಿದ್ದಾಗ, ಅತ್ತೆಯ ಎಡಗಣ್ಣಿನ ಹಿಂದಿನ ಪರದೆ ಇದ್ದಕ್ಕಿದ್ದಂತೆ ಕಳಚಿಕೊಂಡಿತು. ಡಾಕ್ಟರು ಅವತ್ತೇ ಆಪರೇಷನ್ ಮಾಡಿ ಅದನ್ನು ಅಂಟಿಸಿದರು. ಅದು ಕಚ್ಚಿಕೊಳ್ಳಲೆಂದು ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಟ್ಟರು.

"ಗುಳ್ಳೆ ಯಾವಾಗ್ಲೂ ಮೇಲಕ್ಕೇ ಹೋಗುತ್ತೆ," ಎಂದರು ಡಾಕ್ಟರು. "ಅದು ಪರದೇನ ಒತ್ತಿ ಹಿಡೀಬೇಕಾದ್ರೆ ಮುಖ ಕೆಳಗಿರಬೇಕು. ಹತ್ತು ದಿನ ಬೋರಲು ಮಲಗಿರಬೇಕು. ತಲೆ ಎತ್ತಿದ್ರೆ ನಾನು ಜವಾಬ್ದಾರನಲ್ಲ."

ಅತ್ತೆಯ ಬಲಗಣ್ಣು ಹುಟ್ಟಿನಿಂದಲೇ ಮಂದ. ಅದಕ್ಕೆ ಟೀವಿಯೂ ಒಂದೇ, ಗೋಡೆಯೂ ಒಂದೇ. ಎಡಗಣ್ಣು ಹೋದರೆ ಅತ್ತೆಯ ಪಾಲಿಗೆ ಪ್ರಪಂಚವೇ ಹೋದಂತೆ. ಬಾಯಿಗೆ ಹೆದರಿದರೂ ಅತ್ತೆಯ ಮೇಲೆ ನನಗೆ ಪ್ರೀತಿಯಿದೆ. ಅವತ್ತು ಆಸ್ಪತ್ರೆಯ ಬಾತ್‌ರೂಮಿಗೆ ಹೋಗಿ ನಾನು ಸ್ವಲ್ಪ ಅತ್ತೆ. (ಕ್ರಿಯಾಪದ ಅದು, ಸಂಬಂಧವಾಚಕ ಅಲ್ಲ.)

ಮನೆಗೆ ಬಂದ ಮೇಲೆ ಹಾಲಿನಲ್ಲಿ ಮಂಚ ಹಾಕಿ, ನಡುವೆ ತೂತಿರುವ ದಿಂಬಿಟ್ಟು, ಅತ್ತೆಯನ್ನು ಬೋರಲು ಮಲಗಿಸಿದೆವು. ದಿಂಬಿನ ತೂತಿನೊಳಗಿಂದ ಆಜ್ಞೆ ಹೊರಟಿತು.

"ಇನ್ನು ಹತ್ತೇ ಕಂತು ಉಳಿದಿರೋದು. ನಂಗೆ ಕಥೆ ಬೇಕು."

"ಹತ್ತು ದಿನ ಆದ್ಮೇಲೆ ನೋಡೋಣ ಅಮ್ಮಾ, ರೆಕಾರ್ಡ್ ಮಾಡಿಟ್ಟಿರ್ತೀನಿ," ಎಂದಳು ನನ್ನವಳು.

"ಊರಿಗೆಲ್ಲ ಗೊತ್ತಾದ್ಮೇಲೆ ಅದೂ ಒಂದು ಕಥೇನಾ? ಆ ಹುಡುಗ ಬಾಯಿ ಬಿಡಲ್ಲ. ಪಕ್ಕದಲ್ಲಿ ಕೂತು ಯಾರಾದ್ರೂ ಹೇಳ್ಬೇಕು."

ನನ್ನವಳಿಗೆ ಔಷಧಿ ಅಂಗಡಿಯಲ್ಲಿ ಸಂಜೆ ಪಾಳಿ. ಮನೆಯಲ್ಲಿ ಮೂರೇ ಜನ. ಇಬ್ಬರು ನನ್ನ ಕಡೆ ತಿರುಗಿದರು. (ಅತ್ತೆ ತಿರುಗಲಿಲ್ಲ, ಆದರೂ ತಿರುಗಿದಂತೆ ಅನಿಸಿತು.) ಹೀಗೆ ನಾನು ವೀಕ್ಷಕವಿವರಣೆಗಾರನ ಪೀಠವನ್ನು ಅಲಂಕರಿಸಿದೆ.

ಮೊದಲನೆಯ ದಿನವೇ ಗ್ರಹಚಾರ ಕೆಟ್ಟಿತು.

"ಹಂತಕ ಲಿಫ್ಟ್ ಹತ್ತಿದ, ಅತ್ತೆ. ಲಿಫ್ಟಲ್ಲಿ ಎಷ್ಟು ಜನ ಹತ್ತಬಹುದು ಅಂತ ಬೋರ್ಡೇ ಇಲ್ಲ."

"ಬೋರ್ಡ್ ಹಾಳಾಗಿ ಹೋಗ್ಲಿ! ಹುಡುಗ ಏನ್ಮಾಡ್ತಿದ್ದಾನೆ?"

"ಮಂತ್ರಿ ಹಿಂದೆ ನಿಂತಿದ್ದಾನೆ. ಜೇಬಿಂದ ಒಂದು ತಂತಿ ತೆಗೆದ."

"ಆಮೇಲೆ?"

"ಮೆತ್ತಗೆ ಕುತ್ತಿಗೆ ಸುತ್ತ..."

"ಅಯ್ಯಯ್ಯೋ!" ಎಂದು ಅತ್ತೆಯ ತಲೆ ದಿಂಬಿನಿಂದ ನಾಲ್ಕು ಬೆರಳು ಮೇಲೆದ್ದಿತು.

"ತಲೆ! ಅತ್ತೇ, ತಲೆ!" ಎಂದು ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ದೀಪ ಹಾಕಿದರು. ತಲೆ ಕೆಳಗಿಳಿಯಿತು. ಕೆಲಸ ಮುಗಿಸಿ ಬಂದ ನನ್ನವಳಿಗೆ ಅತ್ತೆಯೇ ವರದಿ ಒಪ್ಪಿಸಿದರು.

"ರೀ, ಅಮ್ಮನ ಕಣ್ಣಿಗೇನಾದ್ರೂ ಆಗ್ಲಿ," ಎಂದಳು ನನ್ನವಳು. "ಆಮೇಲೆ ನಿಮ್ಮನ್ನ ನೋಡ್ಕೊಳ್ಳೋಕೆ ಹಂತಕ ಬೇಕಾಗಿಲ್ಲ, ನಾನೇ ಸಾಕು."

ಮರುದಿನ ಸಿಲಿಂಡರ್ ಅಲ್ಲಾಡಿಸುತ್ತಿರುವಾಗ ನನಗೊಂದು ಮಹದಾಲೋಚನೆ ಹೊಳೆಯಿತು. ಧಾರಾವಾಹಿಯಲ್ಲಿ ಕೊಲೆಯೇ ಆಗದಿದ್ದರೆ? ಅತ್ತೆಗೆ ಕಾಣುವುದಿಲ್ಲ, ಹಂತಕ ಬಾಯಿ ಬಿಡುವುದಿಲ್ಲ, ಉಳಿದವನು ನಾನು. ಅವತ್ತಿನಿಂದಲೇ ಅಹಿಂಸಾ ಆವೃತ್ತಿ ಶುರುವಾಯಿತು. ಗುಂಡು ಹಾರಿದರೆ "ಗಾಳಿಗೆ ಬಾಗಿಲು ಬಡ್ಕೊಂತು" ಎಂದೆ. ಯಾರಾದರೂ ಚೀರಿದರೆ "ಹಳೇ ಗೆಳತಿ ಸಿಕ್ಕಿದಳು, ಖುಷಿಗೆ ಕಿರುಚಿದಳು" ಎಂದೆ. ನನ್ನ ಹಂತಕ ಹೋಟೆಲಿಗೆ ಬರುತ್ತಿದ್ದ, ಕೋಣೆ ಗುಡಿಸುತ್ತಿದ್ದ, ಕಿಟಕಿ ಒರೆಸುತ್ತಿದ್ದ. ನಡುನಡುವೆ ಕಟ್ಟಡದ ನ್ಯೂನತೆಗಳನ್ನೂ ಸವಿಸ್ತಾರವಾಗಿ ವರ್ಣಿಸಿದೆ. ಅದು ನನ್ನ ಸ್ವಂತ ಕ್ಷೇತ್ರವಲ್ಲವೇ, ಮಾತು ತಾನಾಗಿಯೇ ಹರಿಯಿತು.

ಮೂರನೆಯ ದಿನದಿಂದ ಅತ್ತೆ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರು! ತಲೆ ಅಲ್ಲಾಡಲಿಲ್ಲ. ಆಗಾಗ ದಿಂಬಿನ ತೂತಿನಿಂದ ಒಂದು ದೀರ್ಘವಾದ ಉಸಿರು ಬರುತ್ತಿತ್ತು, ಅಷ್ಟೇ. ಇದನ್ನೇ ರಸಾನುಭವ ಎನ್ನುತ್ತಾರೆ ಎಂದುಕೊಂಡೆ. ಇಂಥ ಕಥಾವಾಚಕನನ್ನು ಇಷ್ಟು ವರ್ಷ ಸಿಲಿಂಡರ್ ಅಲ್ಲಾಡಿಸಲು ಬಿಟ್ಟರಲ್ಲ ಎಂದು ನನ್ನ ಬಗ್ಗೆ ನನಗೇ ಮರುಕ ಹುಟ್ಟಿತು.

ಹತ್ತನೆಯ ದಿನ ಬಂತು. ಕೊನೆಯ ಕಂತು. ಹಂತಕ ಹೋಟೆಲಿನ ತಾರಸಿಯ ಮೇಲೆ ಬಂದೂಕು ಜೋಡಿಸುತ್ತಿದ್ದ. ಅವನನ್ನು ಹಿಡಿಯಬೇಕಾದ ಪತ್ತೇದಾರಿಣಿ ಮೆಟ್ಟಿಲು ಹತ್ತಿ ಓಡಿಬಂದಳು. ರಟ್ಟಿನ ಪೆಟ್ಟಿಗೆ ಎಡವಿ ಬಿದ್ದಳು. ಎದ್ದಳು. ತಾರಸಿಯ ಬಾಗಿಲು ತಳ್ಳಿದಳು. ಬೀಗ!

ಅದೇ ಬಾಗಿಲು! ಎಷ್ಟೋ ಕಂತುಗಳಿಂದ ನಾನು ಬಾಯಿ ಬಡಿದುಕೊಂಡ ಬಾಗಿಲು! ಇಡೀ ಕಥೆ ಆ ಬಾಗಿಲಿಗೆ ಬಂದು ನಿಂತಿತ್ತು. ನಾನು ಕುರ್ಚಿಯ ಅಂಚಿಗೆ ಬಂದೆ. ಅವಳು ಭುಜ ಕೊಟ್ಟು ಗುದ್ದಿದಳು. ಅವನು ಗುರಿಯಿಟ್ಟ. ನನ್ನ ಬಾಯಿ ತೆರೆದೇ ಇತ್ತು, ಮಾತು ಮಾತ್ರ ನಿಂತುಹೋಗಿತ್ತು.

"ಯಾಕೆ? ಏನಾಯ್ತು?" ಎಂದು ಅತ್ತೆ ದಡಕ್ಕನೆ ಎದ್ದು ಕುಳಿತೇಬಿಟ್ಟರು.

ಟೀವಿಗೆ ಬೆನ್ನು ಹಾಕಿ ಧಾವಿಸಿ ಅತ್ತೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದೆ. ಬಾಯಿಗೆ ಬಂದದ್ದನ್ನು ಒದರತೊಡಗಿದೆ. ಬಾಯಿಗೆ ಬಂದದ್ದೆಂದರೆ ಇಲಾಖೆಯ ನಿಯಮಾವಳಿ. "ಪ್ರತಿ ಮಹಡಿಗೂ ಎರಡು ನಿರ್ಗಮನ ದ್ವಾರಗಳಿರತಕ್ಕದ್ದು. ಸದರಿ ದ್ವಾರಗಳು ಹೊರಮುಖವಾಗಿ ತೆರೆಯತಕ್ಕದ್ದು..." ನಾಲ್ಕನೆಯ ನಿಯಮಕ್ಕೆ ಬರುವಷ್ಟರಲ್ಲಿ ಅತ್ತೆ ಮಲಗಿದರು, ದೀರ್ಘ ಉಸಿರೂ ಬಂತು. ತಿರುಗಿ ನೋಡಿದರೆ ಟೀವಿಯಲ್ಲಿ ಹೆಸರುಗಳು ಓಡುತ್ತಿದ್ದವು.

ಮರುದಿನ ಆಸ್ಪತ್ರೆಯಲ್ಲಿ ನನ್ನ ಅವಸ್ಥೆ ಶತ್ರುವಿಗೂ ಬೇಡ. ಅತ್ತೆ ಎದ್ದು ಕೂತ ವಿಷಯ ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿದರು. ಮತ್ತೆ ನೋಡಿದರು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಪರದೆ ಗಟ್ಟಿಯಾಗಿ ಕಚ್ಕೊಂಡಿದೆ," ಎಂದರು. "ಗುಳ್ಳೆ ಕರಗ್ಲಿ, ಆರು ವಾರದಲ್ಲಿ ಸೂಜಿಗೆ ದಾರ ಪೋಣಿಸ್ಬಹುದು."

ನನಗೆ ಎಷ್ಟು ಸಂತೋಷವಾಯಿತೆಂದರೆ ಡಾಕ್ಟರ ಎರಡೂ ಕೈ ಹಿಡಿದು ಕುಲುಕಿಬಿಟ್ಟೆ.

"ಇಷ್ಟು ಅಲ್ಲಾಡದೆ ಮಲಗಿದವರನ್ನ ನಾನು ನೋಡೇ ಇಲ್ಲ. ಹೇಗಮ್ಮಾ?" ಎಂದು ಡಾಕ್ಟರು ಕೇಳಿದರು. ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ.

"ಎಲ್ಲ ನಮ್ಮ ಅಳಿಯಂದ್ರ ಪುಣ್ಯ," ಎಂದರು ಅತ್ತೆ. "ಅವರು ಕಥೆ ಹೇಳೋಕೆ ಶುರು ಮಾಡಿದ್ರೆ ಸಾಕು, ಐದೇ ನಿಮಿಷಕ್ಕೆ ಗಾಢ ನಿದ್ದೆ. ಮಾತ್ರೆಗೂ ಬಗ್ಗದ ನಿದ್ದೆ ನಂದು! ಕೊನೇ ದಿನ ಮಾತು ನಿಲ್ಲಿಸಿಬಿಟ್ರು ನೋಡಿ, ತಟ್ಟನೆ ಎಚ್ಚರ ಆಗೋಯ್ತು."

ಡಾಕ್ಟರು ನನ್ನ ಫೋನ್ ನಂಬರ್ ಬರೆದುಕೊಂಡರು. ವಾರ್ಡಿನಲ್ಲಿ ಇನ್ನೂ ನಾಲ್ಕು ಜನ ಬೋರಲು ಮಲಗಿದ್ದರಂತೆ.

ಆರು ವಾರ ಕಳೆಯಿತು. ರೆಕಾರ್ಡ್ ಮಾಡಿದ ಕಂತುಗಳನ್ನು ಅತ್ತೆಗಿಂತ ಮೊದಲು ಯಾರೂ ನೋಡಕೂಡದೆಂದು ರಿಮೋಟ್ ಅವರ ದಿಂಬಿನಡಿ ಇತ್ತು. ಆ ಬಾಗಿಲು ತೆರೆಯಿತೋ ಇಲ್ಲವೋ ಎಂದು ನನಗೆ ಊಟ ಸೇರುತ್ತಿರಲಿಲ್ಲ. ಆಫೀಸಿನಲ್ಲಿ ಕೇಳೋಣವೆಂದರೆ, ಆ ಧಾರಾವಾಹಿ ನೋಡುವವರಿಗೆ ಬುದ್ಧಿಯಿಲ್ಲವೆಂದು ಸಾರಿಕೊಂಡು ತಿರುಗಿದವನೇ ನಾನು. ಕೊನೆಗೂ ಒಂದು ರಜಾದಿನ ಅಮ್ಮ ಮಗಳು ಟೀವಿ ಮುಂದೆ ಕೂತರು. ನಾನೂ ಕೂತೆ.

"ಅದೋ, ಆ ಬಾಗಿಲು ಇದೆಯಲ್ಲ..." ಎಂದೆ.

ಅತ್ತೆ ಆಕಳಿಸಿದರು. "ಅಳಿಯಂದ್ರೇ, ದಯವಿಟ್ಟು ಒಳಗಿರಿ. ನಿಮ್ಮ ದನಿ ಕೇಳಿದ್ರೇನೇ ಕಣ್ಣು ಎಳೀತದೆ."

"ಹೋಗ್ರೀ," ಎಂದಳು ನನ್ನವಳು.

ಅಡುಗೆಮನೆಯಲ್ಲಿ ನಿಂತು ಒಂಬತ್ತು ಕಂತು ಬರೀ ಕಿವಿಯಿಂದ ನೋಡಿದೆ. ಹಂತಕ ಒಂದು ಮಾತೂ ಆಡಲಿಲ್ಲ, ದರಿದ್ರದವನು. ಕೊನೆಯ ಕಂತಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಬಂದು ಬಾಗಿಲ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತು, ಅಂಚು ಒಂದಿಷ್ಟು ಸರಿಸಿದೆ. ಪತ್ತೇದಾರಿಣಿ ಭುಜ ಕೊಟ್ಟು ಗುದ್ದುತ್ತಿದ್ದಳು.

ಅತ್ತೆ ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದರು.

"ಪರದೆ ಕೆಳಗೆ ಕಾಲು ಕಾಣ್ತಿದೆ, ಅಳಿಯಂದ್ರೇ. ಎಡಗಾಲಿನ ಕಿರುಬೆರಳ ಉಗುರು ಬೆಳೆದಿದೆ. ಒಳಗೆ ಹೋಗಿ ಕತ್ತರಿಸ್ಕೊಳ್ಳಿ."

ಹನ್ನೆರಡು ಅಡಿ ದೂರದಿಂದ, ಕಿಟಕಿ ಮುಚ್ಚಿದ ಕೋಣೆಯ ಮಬ್ಬಿನಲ್ಲಿ, ಕಿರುಬೆರಳ ಉಗುರು! ಆ ಬಾಗಿಲು ತೆರೆಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಡುಗೆಮನೆಗೆ ಹಿಂತಿರುಗಿ, ಒಬ್ಬನೇ ಹೊಟ್ಟೆ ತುಂಬ ನಗುತ್ತಾ, ಉಗುರು ಕತ್ತರಿಸಿಕೊಂಡೆ.